ಸೈಕಲ್ ಅಂಗಡಿಯಿಂದ ಲೇತ್‌ವರೆಗೆ

ಮಕ್ಕಳೇ, ಕಾಡುಗೋಡಿಯಲ್ಲಿ ಮೆಟ್ರೊ ಹತ್ತುವಾಗ ಅದರ ಉಕ್ಕಿನ ಗಾಲಿಗಳು ಹೇಗೆ ಅಷ್ಟು ದುಂಡಗಾದವು ಎಂದು ಯೋಚಿಸಿದ್ದೀರಾ? ಅದಕ್ಕೆ ಲೇತ್ ಎಂಬ ಯಂತ್ರ ಬೇಕು. ಕುಂಬಾರನ ತಿಗರಿಯ ಮೇಲೆ ಮಣ್ಣು ತಿರುಗುವಂತೆ ಲೇತ್‌ನಲ್ಲಿ ಲೋಹ ಗಿರಗಿರನೆ ತಿರುಗುತ್ತದೆ. ಹರಿತವಾದ ಉಳಿ ಅದನ್ನು ಹೆರೆಯುತ್ತದೆ. ಬೇರೆ ಯಂತ್ರಗಳ ಭಾಗಗಳನ್ನೂ ಇದೇ ಮಾಡಿಕೊಡುವುದರಿಂದ ಇದಕ್ಕೆ ‘ಯಂತ್ರಗಳ ತಾಯಿ’ ಎಂಬ ಹೆಸರು.

ನಮ್ಮ ನಾಡಿನಲ್ಲಿ ಲೇತ್ ತಯಾರಿಸಿದ ಹೆಸರಾಂತ ಕಾರ್ಖಾನೆಯೊಂದರ ಕಥೆ ಶುರುವಾದದ್ದು ಸೈಕಲ್ ಅಂಗಡಿಯಿಂದ! 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಣ್ಣನ ಜೊತೆ ಸೇರಿ ಬೆಳಗಾವಿಯಲ್ಲಿ ಅದನ್ನು ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂದು ಹೆದರಿ ರೈತರು ನೇಗಿಲು ಕೊಳ್ಳಲಿಲ್ಲ. ಲಕ್ಷ್ಮಣರಾವ್ ಕೈಚೆಲ್ಲಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಜಾಗ ಸಿಕ್ಕಿ ಕಿರ್ಲೋಸ್ಕರವಾಡಿ ಹುಟ್ಟಿತು. ನೇಗಿಲು ಹೊಲಹೊಲಕ್ಕೂ ಇಳಿಯಿತು.

1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಅಲ್ಲಿ ತಯಾರಾದ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳನ್ನು ಸೇರಿದವು. ಆ ಕಾರ್ಖಾನೆ ಈಗ ಮುಚ್ಚಿದೆ. ಆದರೆ ಲೇತ್‌ನ ಕೆಲಸ ನಿಂತಿಲ್ಲ. ನಿಮ್ಮ ಮನೆಯ ಹತ್ತಿರ ವರ್ಕ್‌ಶಾಪ್ ಇದ್ದರೆ ಅಪ್ಪ ಅಮ್ಮನ ಜೊತೆ ಹೋಗಿ, ದೂರದಲ್ಲೇ ನಿಂತು ನೋಡಿ. ಒರಟು ಕಬ್ಬಿಣ ಕಣ್ಣೆದುರೇ ಫಳಫಳ ಹೊಳೆಯುತ್ತದೆ!