ಕೊಲೆಸ್ಟರಾಲ್ ಇಲ್ಲದ ಎಣ್ಣೆ, ಮೂಳೆ ಇಲ್ಲದ ಬಾಳೆಹಣ್ಣು

“ಆಂಟಿ, ಈ ಎಣ್ಣೇಲಿ ಕೊಲೆಸ್ಟರಾಲ್ ಇಲ್ವಂತೆ. ಇದರಲ್ಲಿ ಕರಿದ್ರೆ ಅಪ್ಪಂಗೆ ಏನೂ ಆಗಲ್ಲ ಅಲ್ವಾ?”

ತಿಂಗಳ ಸಾಮಾನಿನ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಪಕ್ಕದ ಮನೆಯ ಹುಡುಗಿ ಕೇಳಿದ ಪ್ರಶ್ನೆ ಇದು. ಎರಡನೇ ಪಿಯುಸಿ ಓದುತ್ತಿದ್ದಾಳೆ. ಅವಳ ಅಪ್ಪನಿಗೆ ೪೨ ವರ್ಷ. ಆ ವಾರವಷ್ಟೇ ರಕ್ತಪರೀಕ್ಷೆ ಮಾಡಿಸಿದಾಗ ‘ಕೆಟ್ಟ ಕೊಲೆಸ್ಟರಾಲ್’ ಎಂದು ಕರೆಸಿಕೊಳ್ಳುವ ಎಲ್‌ಡಿಎಲ್ ೧೯೬ ಇತ್ತು. ೧೦೦ರ ಒಳಗಿದ್ದರೆ ಒಳ್ಳೆಯದು ಎನ್ನುತ್ತಾರೆ ವೈದ್ಯರು. ಅವಳ ತಾತ ಐವತ್ತು ತುಂಬುವ ಮೊದಲೇ ಹೃದಯಾಘಾತದಿಂದ ತೀರಿಕೊಂಡವರು. ಮನೆಯವರು ಹೆದರಿ ಎಣ್ಣೆ ಬದಲಾಯಿಸಿದ್ದರು. ಚೀಲದಲ್ಲಿದ್ದದ್ದು ನಾಲ್ಕು ಲೀಟರ್!

ಎಣ್ಣೆ ಪ್ಯಾಕೆಟ್ ಹೇಳುವುದು ಸುಳ್ಳಲ್ಲ. ಆದರೆ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದು ಹಾಲು, ಮೊಟ್ಟೆ, ಮಾಂಸದಂಥ ಪ್ರಾಣಿಜನ್ಯ ಆಹಾರದಲ್ಲಿ. ಕಡಲೆಕಾಯಿಯಿಂದಲೋ ಸೂರ್ಯಕಾಂತಿಯಿಂದಲೋ ತೆಗೆದ ಎಣ್ಣೆಗೆ ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆಯುವುದು, ಬಾಳೆಹಣ್ಣಿಗೆ ‘ಮೂಳೆ ಇಲ್ಲ’ ಎಂದು ಚೀಟಿ ಅಂಟಿಸಿದ ಹಾಗೆ.

ಹಾಗಾದರೆ ಅದು ರಕ್ತದಲ್ಲಿ ಏರುವುದು ಹೇಗೆ? ೧೯೧೩ರಲ್ಲಿ ರಷ್ಯಾದ ಅನಿಚ್‌ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಅವುಗಳ ರಕ್ತನಾಳ ಕಟ್ಟಿಕೊಳ್ಳುವುದನ್ನು ತೋರಿಸಿದರು. ಪಾಪ, ಸೊಪ್ಪು ತಿನ್ನುವ ಮೊಲ! ಮನುಷ್ಯರ ವಿಷಯ ಸ್ವಲ್ಪ ಬೇರೆ. ನಮಗೆ ಬೇಕಾದ ಕೊಲೆಸ್ಟರಾಲನ್ನು ಬಹುಪಾಲು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಒಳಗೆಳೆದುಕೊಳ್ಳಲು ಯಕೃತ್ತಿನ ಮೇಲೆ ‘ಗ್ರಾಹಕ’ಗಳಿವೆ, ಬಾಗಿಲುಗಳು ಎಂದುಕೊಳ್ಳಿ. ಇವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ ೧೯೮೫ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದರೆ ಈ ಬಾಗಿಲುಗಳು ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ. ಆದ್ದರಿಂದ ಪ್ಯಾಕೆಟ್‌ನಲ್ಲಿ ಓದಬೇಕಾದದ್ದು ಕೊಲೆಸ್ಟರಾಲ್ ಎಂಬ ಸಾಲನ್ನಲ್ಲ, ಸ್ಯಾಚುರೇಟೆಡ್ ಕೊಬ್ಬಿನ ಸಾಲನ್ನು.

ಕೊಬ್ಬರಿ ಎಣ್ಣೆಯಲ್ಲಿ ಅದು ಹೆಚ್ಚುಕಡಿಮೆ ಶೇ ೯೦, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ, ಕಡಲೆಕಾಯಿ ಎಣ್ಣೆಯಲ್ಲಿ ಐದರಲ್ಲೊಂದು ಪಾಲು. ಕರಾವಳಿಯ ಓದುಗರು ಮುನಿಸಿಕೊಳ್ಳಬಾರದು; ಒಗ್ಗರಣೆಗೆ ಒಂದು ಚಮಚ ಹಾಕುವವರ ಮಾತಲ್ಲ ಇದು, ಬಾಣಲೆ ತುಂಬ ಸುರಿಯುವವರದು. ಯಾವ ಎಣ್ಣೆಯಾದರೂ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎನ್ನುವುದು ಆಹಾರತಜ್ಞರು ಸಾಮಾನ್ಯವಾಗಿ ಕೊಡುವ ಲೆಕ್ಕ. ಪಕ್ಕದ ಮನೆಯಲ್ಲಿರುವುದು ಮೂರೇ ಜನ.

ಇನ್ನು ಕಾಲೇಜಿನ ಎದುರಿನ ಬೇಕರಿ. ಪಫ್ಸ್ ಪದರ ಪದರವಾಗಿ ಬರಬೇಕಾದರೆ ಗಟ್ಟಿ ಕೊಬ್ಬೇ ಬೇಕು. ಹಿಂದೆ ಆ ಕೆಲಸಕ್ಕೆ ವನಸ್ಪತಿ ಇತ್ತು, ಅದರೊಳಗೆ ಟ್ರಾನ್ಸ್ ಕೊಬ್ಬು ಇತ್ತು. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನೂ ಇಳಿಸುತ್ತದೆ. ೨೦೨೨ರಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಇದು ಶೇ ೨ನ್ನು ಮೀರಬಾರದೆಂಬ ನಿಯಮವಿದೆ. ಒಳ್ಳೆಯದೇ ಆಯಿತು. ಆದರೆ ಗಟ್ಟಿಯಾಗಿ ನಿಲ್ಲುವ ಕೊಬ್ಬು ಎಂದರೆ ಸ್ಯಾಚುರೇಟೆಡ್ ಅಂಶ ಇದ್ದೇ ಇರುತ್ತದೆ. ಪರೀಕ್ಷೆ ಮುಗಿದ ದಿನ ಒಂದು ಪಫ್ಸ್ ತಿನ್ನಿ, ಯಾರು ಬೇಡ ಎಂದರು? ದಿನಾ ಸಂಜೆ ಅದೇ ಟಿಫನ್ ಆಗಬಾರದು.

ಬಾಗಿಲು ಹೆಚ್ಚಿಸುವ ಊಟವೂ ಇದೆ, ಅದು ನಮ್ಮ ಅಡುಗೆಮನೆಯಲ್ಲೇ ಇದೆ. ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತರಸ ಮಾಡುತ್ತದೆ. ಅದರ ಬಹುಪಾಲು ಕರುಳಿನಿಂದ ಮತ್ತೆ ಯಕೃತ್ತಿಗೇ ಹಿಂದಿರುಗುತ್ತದೆ. ನೀರಿನಲ್ಲಿ ಲೋಳೆಯಾಗುವ ನಾರು ಕರುಳಿನಲ್ಲಿದ್ದರೆ ಒಂದಿಷ್ಟು ಪಿತ್ತವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತ ಮಾಡಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲ್ ಎಳೆದುಕೊಳ್ಳಲೇಬೇಕು! ನೆನೆಸಿದ ಮೆಂತ್ಯ, ಬೆಂಡೆಕಾಯಿ, ಅಲಸಂದೆ, ಹೆಸರುಕಾಳು, ಸೀಬೆಹಣ್ಣುಗಳಲ್ಲಿ ಈ ನಾರು ಇದೆ. ಓಟ್ಸ್, ಬಾರ್ಲಿಯಲ್ಲೂ ಧಾರಾಳವಾಗಿದೆ, ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ. ಇಲ್ಲದವರು ಹುರುಳಿಕಾಳಿನ ಸಾರು, ಮಸ್ಸೊಪ್ಪು, ಉಸಲಿಯನ್ನು ಕಡೆಗಣಿಸದಿದ್ದರೆ ಸಾಕು. ಮಕ್ಕಳ ಡಬ್ಬಿಗೆ ಚಿಪ್ಸ್ ಬದಲು ಒಂದು ಹಿಡಿ ಹುರಿದ ಕಡಲೆಕಾಯಿ ಹಾಕಿ.

ಕುಡಿಯುವುದರ ಬಗ್ಗೆ ಹೇಳಿದರೆ ಕಾಫಿಪ್ರಿಯರಿಗೆ ಬೇಸರವಾದೀತು. ಕಾಫಿಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಎಲ್‌ಡಿಎಲ್ ಏರಿಸುವ ವಸ್ತು ಇದೆ. ಕಾಗದದ ಸೋಸುಕ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಪುಡಿ ಹಾಕಿ ಕುದಿಸಿ ಹಾಗೇ ಬಗ್ಗಿಸಿದ ಕಾಫಿಯಲ್ಲಿ ಅದು ಹೆಚ್ಚು. ದಿನಕ್ಕೆ ಐದಾರು ಲೋಟ ಕುಡಿಯುವವರು ಎರಡಕ್ಕೆ ಇಳಿಯಲಿ. ಹಾಲಿನ ಪ್ಯಾಕೆಟ್ಟನ್ನೂ ತಿರುಗಿಸಿ ನೋಡಿ: ಫುಲ್ ಕ್ರೀಮ್‌ನಲ್ಲಿ ಶೇ ೬ ಕೊಬ್ಬು, ಟೋನ್ಡ್‌ನಲ್ಲಿ ೩, ಡಬಲ್ ಟೋನ್ಡ್‌ನಲ್ಲಿ ಒಂದೂವರೆ. ಬಾಯಾರಿಕೆಗೆ ನೀರುಮಜ್ಜಿಗೆಯೇ ಸರಿ.

ಹುಡುಗಿಗೆ ಇಷ್ಟೆಲ್ಲ ಹೇಳಿ ಮುಗಿಸುವಂತಿರಲಿಲ್ಲ. ಎಲ್‌ಡಿಎಲ್ ೧೯೦ ದಾಟಿ, ಮನೆತನದಲ್ಲಿ ಸಣ್ಣ ವಯಸ್ಸಿನ ಹೃದಯಾಘಾತವೂ ಇದ್ದರೆ ಅದು ವಂಶಪಾರಂಪರ್ಯದ್ದಾಗಿರಬಹುದು. ಸುಮಾರು ೨೫೦ ಜನರಲ್ಲಿ ಒಬ್ಬರಿಗೆ ಇಂಥ ತೊಂದರೆ ಇರುತ್ತದೆ. ಅವರಲ್ಲಿ ಬಾಗಿಲುಗಳೇ ಹುಟ್ಟಿನಿಂದ ಕಡಿಮೆ. ಊಟದಲ್ಲಿ ಎಷ್ಟೇ ಪಥ್ಯ ಮಾಡಿದರೂ ಮಾತ್ರೆ ಬೇಕಾಗುತ್ತದೆ. ಮೆಂತ್ಯ ನುಂಗುತ್ತಿದ್ದೇನೆಂದು ವೈದ್ಯರ ಮಾತ್ರೆ ಬಿಡುವುದು ಅಪಾಯ. ಅಂಥವರ ಮಕ್ಕಳಿಗೆ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ತೆಳ್ಳಗಿರುವ ಮಕ್ಕಳೂ ಇದಕ್ಕೆ ಹೊರತಲ್ಲ.

“ಅಂದ್ರೆ ನಂಗೂ ಟೆಸ್ಟ್ ಮಾಡಿಸ್ಬೇಕಾ?” ಎಂದಳು. ಮಾಡಿಸಬೇಕು ಎಂದೆ. ಚೀಲ ಅಲ್ಲೇ ಮೆಟ್ಟಿಲ ಮೇಲಿಟ್ಟು ಅಮ್ಮನನ್ನು ಕರೆಯಲು ಓಡಿದಳು. ಸಂಜೆ ಅವರ ಮನೆಯಿಂದ ಎರಡು ಲೀಟರ್ ಎಣ್ಣೆ ಅಂಗಡಿಗೆ ವಾಪಸಾಯಿತು. ಸೋಮವಾರ ಬೆಳಿಗ್ಗೆ ಅಪ್ಪ ಮಗಳಿಬ್ಬರೂ ಲ್ಯಾಬಿಗೆ ಹೋದರು.