ಚಿತ್ರ ಯಾರದು?

ಚೌಳಹಿರಿಯೂರಿನವನಾದ ನಾನು ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಕುರಿತು ಈ ಸಂಚಿಕೆಗೆ ಬರೆಯುವೆನೆನ್ನಿ. ಅಂತರ್ಜಾಲದಲ್ಲಿ ಅದರ ಚಿತ್ರಗಳಿಗೆ ಬರವಿಲ್ಲ. ಗುಡಿ 1196ರದು, ಅದರ ಶಿಲ್ಪಕ್ಕೆ ಕೃತಿಸ್ವಾಮ್ಯವಿಲ್ಲ. ಆದರೆ ಬಿಸಿಲು ಕಾದು ನಿಂತು ಛಾಯಾಚಿತ್ರ ತೆಗೆದವನಿಗೆ ಅದುಂಟು. 1957ರ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ ಆ ಹಕ್ಕು ಅವನ ಜೀವಮಾನವೂ ಅನಂತರ 60 ವರ್ಷವೂ ಇರುತ್ತದೆ.

ಸ್ವಂತ ಓದಿಗೆ ಚಿತ್ರವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಅಚ್ಚಿಗೆ ಒಪ್ಪಿಗೆ ಬೇಕು. ‘ಕೃಪೆ: ಗೂಗಲ್’ ಎಂದು ಹಾಕುವುದು ನಮ್ಮಲ್ಲಿ ರೂಢಿ. ಗೂಗಲ್ ಹುಡುಕಿಕೊಟ್ಟಿತೇ ಹೊರತು ಚಿತ್ರ ತೆಗೆಯಲಿಲ್ಲ. ಸಂತೆಯ ದಾರಿ ತೋರಿದವನಿಗೆ ಬೆಲ್ಲದ ಹಣ ಕೊಟ್ಟಂತಾಯಿತು! ತೆಗೆದವನ ಹೆಸರೊಂದನ್ನೇ ಹಾಕಿದರೂ ಸಾಲದು.

ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಲವರು ಒಪ್ಪಿಗೆಯನ್ನು ಮೊದಲೇ ಬರೆದಿಟ್ಟಿರುತ್ತಾರೆ. ಸಾಮಾನ್ಯವಾಗಿ ಅವರ ಹೆಸರನ್ನೂ ಪರವಾನಗಿಯನ್ನೂ ಚಿತ್ರದಡಿ ನಮೂದಿಸಿದರಾಯಿತು. ಅದೂ ಸಿಗದಿದ್ದರೆ ಗೆಳೆಯರಿಬ್ಬರು ಬಸ್ಸು ಹತ್ತಿ ಹೋಗಿ ನಾವೇ ತೆಗೆದು ತರಬಹುದು.