ಅಂಗಡಿಯ ಗಣಕದಲ್ಲಿ ಜಾವಾ ಇದೆಯೇ?

2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ಮೇಲೆ ಕೃಷಿ ಮಾರುಕಟ್ಟೆಗಳ ವಹಿವಾಟು ಗಣಕವನ್ನೇ ಅವಲಂಬಿಸುತ್ತ ಬಂದಿದೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಾಗಲಿ, ಹಾವೇರಿಯ ಸಗಟು ಮಳಿಗೆಯಾಗಲಿ, ರಾಣೆಬೆನ್ನೂರಿನ ಬಿತ್ತನೆ ಬೀಜದ ಘಟಕವಾಗಲಿ, ಖರ್ಚು ಉಳಿಸಲೆಂದು ಯುನಿಕ್ಸ್ ಮಾದರಿಯ ಲಿನಕ್ಸ್ ಬಳಸುವವರು ಒಂದನ್ನು ಮೊದಲೇ ಪರಿಶೀಲಿಸುವುದು ಒಳಿತು. ಲೆಕ್ಕಪತ್ರದ ಅಥವಾ ಡಿಜಿಟಲ್ ಸಹಿಯ ತಂತ್ರಾಂಶವು ಜಾವಾವನ್ನು ಬೇಡುವಂಥದ್ದಾದರೆ, ಅದಿಲ್ಲದ ಯಂತ್ರದಲ್ಲಿ ತೆರೆಯುವುದೇ ಇಲ್ಲ. ರಿಟರ್ನ್ ಸಲ್ಲಿಕೆಯ ಕಡೆಯ ದಿನ ಇದು ತಿಳಿದರೆ ವಿಳಂಬ ಶುಲ್ಕ ತೆರಬೇಕಾದೀತು.

ಪರೀಕ್ಷೆ ಸುಲಭ. ಟರ್ಮಿನಲ್ ತೆರೆದು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ‘ಜಾವಾ’ ಎಂದು ಬರೆದು, ತೆರಪು ಬಿಟ್ಟು, ಕಿರುಗೆರೆಗೆ ತಾಗಿಸಿ ‘ವರ್ಷನ್’ ಎಂದು ಬರೆದು ಎಂಟರ್ ಒತ್ತಬೇಕು. ಆವೃತ್ತಿಯ ಸಂಖ್ಯೆ ಮೂಡಿದರೆ ಜಾವಾ ಇದೆ. ‘ಕಮಾಂಡ್ ನಾಟ್ ಫೌಂಡ್’ ಎಂದು ಬಂದರೆ ಇಲ್ಲವೆಂದೇ ತೀರ್ಮಾನಿಸುವಂತಿಲ್ಲ. ಸ್ಥಾಪಿತವಾಗಿದ್ದೂ ಯಂತ್ರವು ಹುಡುಕುವ ‘ಪಾಥ್’ ಪಟ್ಟಿಯಲ್ಲಿ ಸೇರದಿರಬಹುದು.

ಹೆಚ್ಚು ಗಮನಿಸಬೇಕಾದುದು ಅಲ್ಲಿ ಮೂಡುವ ಹೆಸರನ್ನು. ‘ಓಪನ್‌ಜೆಡಿಕೆ’ ಎಂದಿದ್ದರೆ ಸಾಮಾನ್ಯವಾಗಿ ಶುಲ್ಕದ ಚಿಂತೆಯಿಲ್ಲ. ಒರಾಕಲ್ ಕಂಪನಿಯ ಜಾವಾ 8ರ ಸಂಗತಿ ಬೇರೆ: 2019ರ ಏಪ್ರಿಲ್‌ನಿಂದ ಹೊರಬಂದ ಪರಿಷ್ಕರಣಗಳ ವಾಣಿಜ್ಯ ಬಳಕೆಗೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. 2023ರ ಜನವರಿಯಲ್ಲಿ ಬಂದ ಚಂದಾ ಪದ್ಧತಿಯಲ್ಲಂತೂ ಲೆಕ್ಕ ಹಿಡಿಯುವುದು ಗಣಕಗಳನ್ನಲ್ಲ, ಒಟ್ಟು ನೌಕರರನ್ನು. ಒಂದೇ ಗಣಕವಿದ್ದು ನೂರು ಮಂದಿ ದುಡಿಯುವ ಘಟಕಕ್ಕೆ ಬಿಲ್ಲು ನೂರು ತಲೆಗೆ ಬರುತ್ತದೆ.